ಕಲ್ಯಾಣಿ ರಾಗವನ್ನು ನಾಲ್ಕು ದಾರಿಯಲ್ಲಿ ಕೇಳಿ ನೋಡಿದೆ

ಈ ಸಲದ ಯುಗಾದಿಯಿಂದ ಗುರುಪೂರ್ಣಿಮೆ ದಾಟುವವರೆಗೆ, ಹತ್ತಿರ ಹತ್ತಿರ ನಾಲ್ಕು ತಿಂಗಳು, ನಾನು ಶಾಸ್ತ್ರೀಯ ಸಂಗೀತವನ್ನು ನಾಲ್ಕು ದಾರಿಯಲ್ಲಿ ಕೇಳಿ ನೋಡಿದೆ. ದುಡ್ಡು ಕಟ್ಟಿದ ಮ್ಯೂಸಿಕ್ ಆ್ಯಪ್, ಆಕಾಶವಾಣಿ, ಆನ್‌ಲೈನ್ ಸಂಗೀತ ಪಾಠ, ಎದುರಿಗೆ ಕೂತು ಕೇಳುವ ಸಂಗೀತ ಕಚೇರಿ. ಯಾವುದು ಮೇಲು ಅಂತ ಯಾರಾದರೂ ಕೇಳಿದರೆ ಸುಮ್ನೆ ಅಂದಾಜಿನಲ್ಲಿ ಹೇಳಬಾರದು ಅನ್ನಿಸಿತ್ತು.

ಶುರುವಾಗಿದ್ದು ಆಫೀಸಿನಲ್ಲಿ. ಜೊತೆಗೆ ಕೆಲಸ ಮಾಡುವವರೊಬ್ಬರು, "ಈಗಿನ ಕಾಲದಲ್ಲಿ ಒಂದು ರಾಗ ಅರ್ಧ ಗಂಟೆ ಕೇಳೋಕೆ ಯಾರಿಗೆ ಪುರುಸೊತ್ತಿದೆ ಹೇಳಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚಿಂತಾಮಣಿಯ ನಮ್ಮ ಮನೆಯಲ್ಲಿ ಬೆಳಗಾದರೆ ಸಂಗೀತ ಇದ್ದೇ ಇರುತ್ತೆ, ಆದರೆ ಅಷ್ಟು ವರ್ಷ ಕಿವಿಗೆ ಬಿದ್ದರೂ ಕಲ್ಯಾಣಿ ಯಾವುದು, ಶಂಕರಾಭರಣ ಯಾವುದು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಅದನ್ನೇ ಪರೀಕ್ಷೆ ಮಾಡಿಕೊಂಡೆ. ಈ ಎರಡು ರಾಗಗಳಿಗೆ ಇರುವ ಸ್ವರಗಳಲ್ಲಿ ಒಂದೇ ಒಂದು ವ್ಯತ್ಯಾಸ, ಮಧ್ಯಮ, ಅಂದರೆ ಸರಿಗಮದ 'ಮ'. ಶಂಕರಾಭರಣಕ್ಕೆ ಶುದ್ಧ ಮಧ್ಯಮ, ಕಲ್ಯಾಣಿಗೆ ಅದಕ್ಕಿಂತ ಒಂಚೂರು ಮೇಲಿನ ಪ್ರತಿ ಮಧ್ಯಮ, ಮಿಕ್ಕ ಆರೂ ಅವೇ. ಹೆಸರು ನೋಡದೆ, ಯಾರನ್ನೂ ಕೇಳದೆ, ಕಿವಿಯಿಂದಲೇ ಗುರುತು ಹಿಡಿಯೋಕೆ ಯಾವ ದಾರಿ ನನ್ನನ್ನು ತಯಾರು ಮಾಡುತ್ತೆ ಅನ್ನೋದೇ ನನ್ನ ಅಳತೆ.

ಮೊದಲು ಆ್ಯಪ್. ವಾರಕ್ಕೆ ಮೂರು ದಿನ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕೈವಾರ ಕ್ರಾಸ್, ಎಚ್ ಕ್ರಾಸ್, ನಂದಗುಡಿ, ಹೊಸಕೋಟೆ, ಒಂದು ಕಡೆಗೆ ಎರಡು ಗಂಟೆ ಮೇಲೆಯೇ. ಇಯರ್‌ಫೋನ್ ಹಾಕಿಕೊಂಡರೆ ಹೊರಗಿನ ಟೊಮೆಟೊ ಲಾರಿ ಹಾರ್ನ್ ಕೂಡ ಕೇಳಿಸಲ್ಲ. ಒಂದು ಮಾತು ಒಪ್ಪಿಕೊಳ್ಳಲೇಬೇಕು: ಗಾಯಕರ ದನಿಯ ಸಣ್ಣ ಸಣ್ಣ ವಿವರ, ಉಸಿರು ತೆಗೆದುಕೊಳ್ಳುವುದು, ಗಮಕದಲ್ಲಿ ಸ್ವರ ಎಲ್ಲಿಂದ ಎಲ್ಲಿಗೆ ತೂಗುತ್ತೆ ಅನ್ನೋದು ಇಯರ್‌ಫೋನಿನಲ್ಲಿ ಕೇಳಿಸಿದಷ್ಟು ಚೆನ್ನಾಗಿ ಬೇರೆ ಎಲ್ಲೂ ಕೇಳಿಸಲಿಲ್ಲ. ಅಲ್ಲಿರುವ ಭಂಡಾರವೂ ಸಾಮಾನ್ಯವಲ್ಲ. ಆರ್.ಕೆ. ಶ್ರೀಕಂಠನ್ ಹಾಡುಗಾರಿಕೆ ಬೇಕೆಂದರೆ ಅದು, ದೊರೆಸ್ವಾಮಿ ಅಯ್ಯಂಗಾರರ ವೀಣೆ ಬೇಕೆಂದರೆ ಅದು, ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನ್ ಬೇಕೆಂದರೆ ಅದೂ. ನಮ್ಮ ಅಪ್ಪನ ಕಾಲದಲ್ಲಿ ಒಂದು ಕ್ಯಾಸೆಟ್ಟಿಗೋಸ್ಕರ ಬೆಂಗಳೂರಿಗೆ ಹೋಗುವವರಿಗೆಲ್ಲ ಹೇಳಿಕಳಿಸುತ್ತಿದ್ದರು.

ಆದರೆ ಐದು ವಾರ ಆದಮೇಲೆ ಪರೀಕ್ಷೆ ಮಾಡಿಕೊಂಡರೆ ನನ್ನ ಕಿವಿ ಇದ್ದಲ್ಲೇ ಇತ್ತು. ಯಾಕೆ ಅಂತ ಯೋಚನೆ ಮಾಡಿದೆ. ಮೊದಲ ಕಾರಣ, ಪರದೆಯ ಮೇಲೆ ರಾಗದ ಹೆಸರು ಬರೆದಿರುತ್ತೆ. ಉತ್ತರ ಎದುರಿಗೇ ಇದ್ದಾಗ ಕಿವಿ ಯಾಕೆ ಕಷ್ಟಪಡಬೇಕು? ಎರಡನೆಯದು ಇನ್ನೂ ದೊಡ್ಡದು. ಆಲಾಪನೆ, ಅಂದರೆ ಸಾಹಿತ್ಯ ತಾಳ ಇಲ್ಲದೆ ರಾಗವನ್ನು ಬಿಡಿಸಿ ಹಾಡುವುದು, ಶುರುವಾಗಿ ಮೂರು ನಿಮಿಷ ಆಗುವಷ್ಟರಲ್ಲಿ ಬೆರಳು ತಾನಾಗೇ ಮುಂದಿನ ಹಾಡಿಗೆ ಹೋಗುತ್ತಿತ್ತು. ಬೇಜಾರಾಗಿ ಅಲ್ಲ, ಇದಕ್ಕಿಂತ ಚೆನ್ನಾಗಿರೋದು ಮುಂದೆ ಇರಬಹುದು ಅಂತ. ಒಂದು ದಿನ ಲೆಕ್ಕ ಹಾಕಿದೆ. ಹೊಸಕೋಟೆ ಬರುವಷ್ಟರಲ್ಲಿ ಹದಿನೇಳು ಹಾಡು ಮುಟ್ಟಿದ್ದೆ, ಪೂರ್ತಿ ಕೇಳಿದ್ದು ಎರಡು.

ರೀಲ್ಸ್ ಬಂದು ಸಂಗೀತ ತುಂಡಾಯಿತು ಅಂತ ಬೈಯುವವರಿದ್ದಾರಲ್ಲ, ಅವರ ಮಾತು ನಾನು ಪೂರ್ತಿ ಒಪ್ಪಲ್ಲ. ತುಂಡು ಮಾಡುವುದು ಹೊಸದೇನಲ್ಲ. ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದಾಗ ಒಂದು ತಟ್ಟೆಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಅಷ್ಟರಲ್ಲೇ ಹಿಡಿಸಿ, ಕೊನೆಗೆ ತಮ್ಮ ಹೆಸರನ್ನೂ ಜೋರಾಗಿ ಹೇಳಿ ಮುಗಿಸುತ್ತಿದ್ದರು. ಆಕೆ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು 1930ರಲ್ಲಿ ಇಲ್ಲೇ ತೀರಿಕೊಂಡರು. ಆ ಮೂರು ನಿಮಿಷವನ್ನು ಜನ ಸೂಜಿ ತೆಗೆಯದೆ ಕೇಳುತ್ತಿದ್ದರು, ಮತ್ತೆ ಮತ್ತೆ ಅದೇ ತಟ್ಟೆ ಹಾಕುತ್ತಿದ್ದರು. ಚಿಕ್ಕದಾಗಿರುವುದು ತಪ್ಪಲ್ಲ ಅನ್ನಿಸುತ್ತೆ ನನಗೆ. ಅರ್ಧಕ್ಕೆ ಬಿಡುವ ಅಭ್ಯಾಸವೇ ತೊಂದರೆ.

ರೇಡಿಯೋಗೆ ಬರೋಣ. ರೇಡಿಯೋ ಅಂದರೂ ಸೆಟ್ಟಲ್ಲ, ಅದೇ ಫೋನು, ಅದೇ ಇಯರ್‌ಫೋನು. ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ರಾಗಂ ಅಂತ ಒಂದು ವಾಹಿನಿ ಇದೆ. 2016ರಲ್ಲಿ ಶುರುವಾಗಿದ್ದು, ಶಾಸ್ತ್ರೀಯ ಸಂಗೀತಕ್ಕೇ ಮೀಸಲು, ಕರ್ನಾಟಕ ಸಂಗೀತವೂ ಬರುತ್ತೆ, ಹಿಂದೂಸ್ತಾನಿಯೂ ಬರುತ್ತೆ. ಒಂದು ಪೈಸೆ ಖರ್ಚಿಲ್ಲ. ವ್ಯತ್ಯಾಸ ಒಂದೇ, ಇಲ್ಲಿ ಮುಂದಕ್ಕೆ ಹಾರಿಸೋಕಾಗಲ್ಲ. ಅವರು ಹಾಕಿದ್ದು ಕೇಳಬೇಕು, ಇಲ್ಲ ಅಂದರೆ ನಿಲ್ಲಿಸಬೇಕು. ಅದೊಂದೇ ಕಾರಣಕ್ಕೆ ಎಲ್ಲಾ ಬದಲಾಯಿತು ಅಂದರೆ ನಂಬುತ್ತೀರಾ?

ನಾನು ಕೇಳೋಕೆ ಶುರು ಮಾಡುವ ಹೊತ್ತಿಗೆ ಯಾವುದೋ ಕೃತಿ ಅರ್ಧ ಆಗಿರುತ್ತಿತ್ತು. ಹೆಸರು ಗೊತ್ತಿಲ್ಲ, ರಾಗ ಗೊತ್ತಿಲ್ಲ. ಸರಿ, ಏನಿರಬಹುದು ಅಂತ ಮನಸ್ಸಿನಲ್ಲೇ ಒಂದು ಹೆಸರು ಇಟ್ಟುಕೊಂಡು ಕಾಯುತ್ತಿದ್ದೆ. ಮುಗಿದ ಮೇಲೆ ಉದ್ಘೋಷಕರು ಹೇಳಿದರೆ ಸರಿಯೋ ತಪ್ಪೋ ಗೊತ್ತಾಗೋದು. ಮೊದಮೊದಲು ಎಲ್ಲಾ ತಪ್ಪೇ. ಮೋಹನ ರಾಗವನ್ನು ಕಲ್ಯಾಣಿ ಅಂದುಕೊಂಡೆ, ಅದರಲ್ಲಿ ಮಧ್ಯಮವೇ ಇಲ್ಲ! ಮೂರನೇ ವಾರದ ಹೊತ್ತಿಗೆ ಹತ್ತರಲ್ಲಿ ಐದಾರು ಸರಿಯಾಗತೊಡಗಿತು. ಹೆಸರು ಆಮೇಲೆ ಸಿಕ್ಕಿದರೆ ಕಿವಿ ಅಲ್ಲಿವರೆಗೆ ದುಡಿಯುತ್ತೆ.

ಮನೆಯಲ್ಲಿ ಬೆಳಗ್ಗೆ ಅದನ್ನೇ ಸಣ್ಣ ಸ್ಪೀಕರಿಗೆ ಹಾಕಿ ಅಡುಗೆಮನೆ ಕಟ್ಟೆ ಮೇಲೆ ಇಡುತ್ತಿದ್ದೆ. ಒಂದು ದಿನ ಕಲ್ಯಾಣಿ ರಾಗದಲ್ಲಿರುವ ತ್ಯಾಗರಾಜರ ತೆಲುಗು ಕೃತಿ 'ನಿಧಿ ಚಾಲ ಸುಖಮಾ' ಬಂತು. ನಮ್ಮವ್ವ, ಅಂದರೆ ನಮ್ಮ ಅಜ್ಜಿ, ಅವರೇಕಾಯಿ ಸುಲಿಯುತ್ತಾ ಕೂತಿದ್ದವರು ಕೈ ನಿಲ್ಲಿಸಿ ತಲೆ ಎತ್ತಿದರು. ನಮ್ಮ ಕಡೆ ಮನೆಮಾತು ತೆಲುಗು, ಅಂಗಡಿ ಸ್ಕೂಲು ಆಫೀಸು ಎಲ್ಲಾ ಕನ್ನಡ, ಗಡಿ ಸೀಮೆಯ ಬಹಳ ಮನೆಗಳಲ್ಲಿ ಹೀಗೇ. "ದುಡ್ಡಲ್ಲಿ ಸುಖಾನಾ, ರಾಮನ ಸೇವೆಯಲ್ಲಿ ಸುಖಾನಾ ಅಂತ ಕೇಳ್ತಾ ಇದಾನಪ್ಪ ಅವನು" ಅಂದರು. ಚರಣ ಬಂದಾಗ ಇನ್ನೂ ಹತ್ತಿರ ಜರುಗಿದರು. "ಮೊಸರು, ಬೆಣ್ಣೆ, ಹಾಲು ಎಲ್ಲಾ ಬಂತು ನೋಡು." ಐವತ್ತು ವರ್ಷ ಹಸು ಕಟ್ಟಿದ ಕೈ ಅದು. ರಾಗ ಅಂದರೆ ಏನು ಅಂತ ಅವ್ವನಿಗೆ ಗೊತ್ತಿಲ್ಲ, ಆದರೆ ನಾನು ಕಲ್ಯಾಣಿಯ ಮಧ್ಯಮ ಹುಡುಕುತ್ತಾ ಕೂತಿದ್ದಾಗ ಅವರು ಹಾಡು ಕೇಳಿಸಿಕೊಂಡಿದ್ದರು. ಸಂಗೀತ ಕೆಲವರಿಗಷ್ಟೇ ಅರ್ಥವಾಗೋದು ಅಂತ ಇನ್ನು ಮುಂದೆ ಯಾರಾದರೂ ಅಂದರೆ ನಾನು ಈ ಬೆಳಗನ್ನು ಹೇಳುತ್ತೇನೆ. ಆ್ಯಪಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಪಾಠದ ಬಗ್ಗೆ ಜಾಸ್ತಿ ಹೇಳಲ್ಲ, ಇನ್ನೂ ಶುರುವಿನಲ್ಲೇ ಇದ್ದೇನೆ. ವಾರಕ್ಕೆ ಎರಡು ದಿನ, ರಾತ್ರಿ ಎಂಟಕ್ಕೆ. ಎಲ್ಲರ ಹಾಗೆ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಸ್ವರಗಳ ಮೊದಲ ಪಾಠದಿಂದ ಶುರು. ಆನ್‌ಲೈನಿನಲ್ಲಿ ಗುರುಗಳ ಜೊತೆ ದನಿ ಸೇರಿಸಿ ಹಾಡೋಕಾಗಲ್ಲ, ಅವರ ದನಿ ನನಗೆ ಬರುವಷ್ಟರಲ್ಲಿ ತಡವಾಗಿ ತಾಳ ತಪ್ಪುತ್ತೆ, ಅವರು ಹೇಳಿಕೊಟ್ಟು ನಿಲ್ಲಿಸಿದ ಮೇಲೆ ನಾನು ಒಬ್ಬನೇ ಹಾಡಬೇಕು. ಒಟ್ಟಿಗೆ ಹಾಡುವ ಸುಖ ಇಲ್ಲ. ಆದರೂ ಎರಡು ತಿಂಗಳಲ್ಲಿ ಒಂದು ಲಾಭ ಆಯಿತು. ಆದಿ ತಾಳದ ಎಂಟು ಎಣಿಕೆ ಕೈಗೆ ಕೂತಿತು. ಅದಾದ ಮೇಲೆ ಬಸ್ಸಿನಲ್ಲಿ ಕೇಳುವಾಗ ಪಲ್ಲವಿ ಎಲ್ಲಿ ಎತ್ತಿಕೊಳ್ಳುತ್ತಾರೆ, ಎಲ್ಲಿಗೆ ಬಂದು ಸೇರುತ್ತಾರೆ ಅಂತ ತೊಡೆ ಮೇಲಿನ ಕೈ ಹೇಳುತ್ತೆ. ಮೊದಲು ಆಲಾಪನೆಯಲ್ಲಿ ಬೆರಳು ಮುಂದಕ್ಕೆ ಓಡುತ್ತಿದ್ದ ಹಾಗೆ ಈಗ ಓಡಲ್ಲ, ಸ್ವರ ಹತ್ತಿರ ಬಂದು ಷಡ್ಜ, ಅಂದರೆ 'ಸ', ಮುಟ್ಟದೆ ವಾಪಸ್ ಹೋದಾಗ ಗಂಟಲಿಗೇ ಗೊತ್ತಾಗುತ್ತೆ. ಇದು ಎಷ್ಟು ಕೇಳಿದರೂ ಬಂದಿರಲಿಲ್ಲ.

ಎದುರಿಗೆ ಕೂತು ಕೇಳುವುದು ಎಲ್ಲಕ್ಕಿಂತ ಮೇಲು ಅಂತ ಹೇಳೋದು ಸುಲಭ. ನನ್ನ ಮೊದಲ ಅನುಭವ ಹಾಗಿರಲಿಲ್ಲ. ಹತ್ತಿರದ ಒಂದು ಊರಿನ ರಾಮೋತ್ಸವಕ್ಕೆ ಹೋಗಿದ್ದೆ. ಪಾನಕ ಕೋಸಂಬರಿ ಕೊಟ್ಟು ಕೂರಿಸಿದರು, ಪ್ರೀತಿಗೆ ಕೊರತೆ ಇಲ್ಲ. ಆದರೆ ಮೈಕು ಕೀ ಅನ್ನುತ್ತಿತ್ತು, ಪಿಟೀಲು ತಗಡು ಕೆರೆದ ಹಾಗೆ ಕೇಳುತ್ತಿತ್ತು, ಜೊತೆಗೆ ನಡುನಡುವೆ ಸನ್ಮಾನ. ತನಿ ಆವರ್ತನ, ಅಂದರೆ ಹಾಡು ನಿಂತು ತಾಳವಾದ್ಯವಷ್ಟೇ ನುಡಿಯುವ ಭಾಗ, ಶುರುವಾದ ಕೂಡಲೇ ಅರ್ಧ ಜನ ಎದ್ದರು. ದನಿಯೊಂದನ್ನೇ ನೋಡಿದರೆ ಅವತ್ತು ಇಯರ್‌ಫೋನೇ ಗೆದ್ದಿತ್ತು.

ಆದರೆ ಜನ ಎದ್ದದ್ದರಿಂದ ನನಗೆ ಮೊದಲ ಸಾಲು ಸಿಕ್ಕಿತು. ಮೃದಂಗ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಲಗಡೆ ಕರಣೆ ಅನ್ನುವ ಕಪ್ಪು ಲೇಪ. ಎಡಗಡೆಗೆ ರವೆಯನ್ನು ನೀರಿನಲ್ಲಿ ಕಲಸಿ, ಸಣ್ಣ ಪೂರಿಯಷ್ಟು ಅಗಲಕ್ಕೆ ತಟ್ಟಿ ಅಂಟಿಸಿದ್ದರು. ಆ ರವೆಯ ಭಾರದಿಂದಲೇ ಎಡಕ್ಕೆ ಆ ತುಂಬು ನಾದ ಬರೋದು. ಅಂಗೈಯಿಂದ ಒತ್ತಿ ಜಾರಿಸಿದಾಗ ಗುಂ ಅಂತ ಎದ್ದು ಮೇಲಕ್ಕೆ ಹೋಗುವ ಸದ್ದು ಕೂತಿದ್ದ ಚಾಪೆಯ ಕೆಳಗಿನ ನೆಲದಿಂದ ಮೈಗೆ ಹತ್ತಿತು. ಫೋನಿನ ಸ್ಪೀಕರಿನಲ್ಲಿ ಆ ಎಡಗಡೆ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಅಷ್ಟು ತಗ್ಗಿನ ದನಿಯನ್ನು ಆ ಪುಟ್ಟ ಸ್ಪೀಕರ್ ಎತ್ತಲಾರದು. ಇಷ್ಟು ವರ್ಷ ನಾನು ಅರ್ಧ ಮೃದಂಗ ಕೇಳಿದ್ದೆ! ಕಚೇರಿ ಮುಗಿದ ಮೇಲೆ ಅವರು ಒಣಗಿದ ರವೆಯನ್ನು ಕೆರೆದು ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಗುವಿಗೆ ಹೊದಿಸಿದ ಹಾಗೆ ಗವಸು ಹಾಕಿದರು.

ಆಮೇಲೆ ನಮ್ಮ ಚಿಂತಾಮಣಿ ತಾಲ್ಲೂಕಿನ ಕೈವಾರ. ಗುರುಪೂರ್ಣಿಮೆಗೆ ಅಲ್ಲಿ 72 ಗಂಟೆ, ಮೂರು ಹಗಲು ಮೂರು ರಾತ್ರಿ, ನಿಲ್ಲದೆ ಸಂಗೀತ ನಡೆಯುತ್ತೆ. ಆ ಊರಿನ ಸಂತರು ಕೈವಾರ ತಾತಯ್ಯನವರು, ಯೋಗಿ ನಾರೇಯಣರು ಅಂತಲೂ ಕರೆಯುತ್ತಾರೆ, ಬಳೆ ಮಾರುತ್ತಿದ್ದವರು, ತೆಲುಗಿನಲ್ಲೂ ಕನ್ನಡದಲ್ಲೂ ಕೀರ್ತನೆ ಬರೆದವರು. ಹುಟ್ಟಿದ್ದು 1726, ನೂರಾ ಹತ್ತು ವರ್ಷ ಬಾಳಿದರು ಅಂತ ನಮ್ಮ ಕಡೆ ಹೇಳುತ್ತಾರೆ. ದೊಡ್ಡ ವಿದ್ವಾಂಸರು ಹಾಡಿದ ಅದೇ ವೇದಿಕೆಗೆ ಹಳ್ಳಿಯ ಭಜನೆ ಮಂಡಳಿಯವರೂ ಹತ್ತುತ್ತಾರೆ, ನಾದಸ್ವರದವರೂ ಕೂರುತ್ತಾರೆ. ಮದುವೆಯಲ್ಲಿ ನಾದಸ್ವರ ನುಡಿಸುವವರು ಎಷ್ಟು ಚೆನ್ನಾಗಿ ಕಲ್ಯಾಣಿ ನುಡಿಸಿದರೂ ಗಟ್ಟಿಮೇಳದ ಹೊತ್ತು ಬಿಟ್ಟರೆ ನಾವು ಅವರ ಕಡೆ ತಿರುಗಿ ನೋಡಲ್ಲ ಅಲ್ವಾ? ಇಲ್ಲಿ ಅವರನ್ನು ಜನ ಕೂತು ಕೇಳುತ್ತಾರೆ.

ನಾನು ಹೋದದ್ದು ಎರಡನೇ ರಾತ್ರಿ, ಒಂದು ಗಂಟೆ ದಾಟಿತ್ತು. ಕೆಲವರು ಟವಲ್ ಹಾಸಿಕೊಂಡು ಮಲಗಿದ್ದರು, ಮಲಗಿದವರಲ್ಲೂ ಕಾಲ್ಬೆರಳು ಅಲ್ಲಾಡಿಸುತ್ತಿದ್ದವರಿದ್ದರು. ನನ್ನ ಪಕ್ಕದಲ್ಲಿ ಒಬ್ಬ ತಾತ, ಅವರ ತೊಡೆ ಮೇಲೆ ನಾಲ್ಕೈದು ವರ್ಷದ ಮೊಮ್ಮಗಳು ನಿದ್ದೆ ಹೋಗಿದ್ದಳು. ಅವರು ತಾಳ ಹಾಕುತ್ತಿದ್ದದ್ದು ಆ ಮಗುವಿನ ಬೆನ್ನ ಮೇಲೆ. ಏಟು ಹಗುರ, ಮಲಗಿಸುವಾಗ ತಟ್ಟುವಷ್ಟೇ, ಲೆಕ್ಕ ಮಾತ್ರ ಒಂದೂ ತಪ್ಪಲಿಲ್ಲ. ವೇದಿಕೆಯಲ್ಲಿ ಒಬ್ಬಾಕೆ ಆಲಾಪನೆ ಎತ್ತಿಕೊಂಡರು. ಗಾಂಧಾರದ ಮೇಲೆ ನಿಂತು, ಮೇಲಿನ ಮಧ್ಯಮವನ್ನು ಒಮ್ಮೆ ಮುಟ್ಟಿ ಪಂಚಮಕ್ಕೆ ಜಾರಿದರು. ನನಗೆ ಗೊತ್ತಾಯಿತು. ಪರದೆ ಇಲ್ಲ, ಉದ್ಘೋಷಕರಿಲ್ಲ. ತಾತ ನನ್ನ ಕಡೆ ಬಗ್ಗಿ "ಕಲ್ಯಾಣಿ ಅಲ್ವೇನಪ್ಪಾ?" ಅಂದರು. "ಹೌದು ತಾತ, ಕಲ್ಯಾಣಿ" ಅಂದೆ.

ಹಾಗಂತ ಎಲ್ಲರೂ ರಾತ್ರಿಯೆಲ್ಲ ಕೈವಾರದಲ್ಲಿ ಕೂರೋಕಾಗಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಿಗುವವರಿಗೆ ನಾನು ಹೇಳೋದು ರೇಡಿಯೋ, ಅದರಲ್ಲೂ ಮನೆಯವರಿಗೆಲ್ಲ ಕೇಳಿಸುವ ಹಾಗೆ. ಆ್ಯಪನ್ನು ಒಂದೇ ಕೆಲಸಕ್ಕೆ ಇಟ್ಟುಕೊಳ್ಳಿ: ರೇಡಿಯೋದಲ್ಲೋ ಕಚೇರಿಯಲ್ಲೋ ಕೇಳಿ ಮನಸ್ಸಿಗೆ ಹತ್ತಿದ ಕೃತಿಯನ್ನು ಹುಡುಕಿ ಮತ್ತೆ ಮತ್ತೆ ಕೇಳೋಕೆ. ಅದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ವರ್ಷಕ್ಕೆ ಎರಡು ಸಲವಾದರೂ ಮೊದಲ ಸಾಲಿನಲ್ಲಿ ಕೂತು ಕೇಳಿ, ಮೈಕು ಹೇಗೇ ಇರಲಿ, ತನಿಗೆ ಏಳಬೇಡಿ. ಪಾಠಕ್ಕೆ ಸೇರಬೇಕಾ ಬೇಡವಾ ಅನ್ನೋದು ನಿಮ್ಮಿಷ್ಟ, ನಾನಂತೂ ಬಿಡಲ್ಲ. ಹೊಸಬರಿಗೆ ಕಲಿಸುವ ಮಲಹರಿ ರಾಗದ ಸಣ್ಣ ಗೀತೆಗಳಿಗೆ ಬಂದಿದ್ದೇನೆ. ಸಂಜೆ ಸಾಧನೆ ಮಾಡುವಾಗ ಅವ್ವ ಬಂದು ಬಾಗಿಲ ಹತ್ತಿರ ಕೂರುತ್ತಾರೆ, "ಆ ಹಾಲು ಮೊಸರಿನ ಹಾಡು ಯಾವಾಗ ಹೇಳಿಕೊಡ್ತಾರೆ?" ಅಂತ ವಾರಕ್ಕೊಂದು ಸಲ ಕೇಳುತ್ತಾರೆ. ಅಷ್ಟು ದೊಡ್ಡ ಕೃತಿಗೆ ಇನ್ನೂ ಒಂದೆರಡು ವರ್ಷ ಬೇಕು ಅವ್ವಾ ಅಂದಿದ್ದೇನೆ.