ರಾತ್ರಿ ಹತ್ತಕ್ಕೇ ದೀಪ ಆರಿಸುವ ನಿದ್ರಾ ಪರೀಕ್ಷೆ

ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಡೆಯುವ ನಿದ್ರಾ ಪರೀಕ್ಷೆಯ ಉಪಕರಣಗಳ ಬಗ್ಗೆಯಾಗಲಿ ಅಲ್ಲಿನ ತಂತ್ರಜ್ಞರ ಶ್ರದ್ಧೆಯ ಬಗ್ಗೆಯಾಗಲಿ ನನಗೆ ದೂರಿಲ್ಲ. ದೂರಿರುವುದು ಅಲ್ಲಿನ ವೇಳಾಪಟ್ಟಿಯ ಬಗ್ಗೆ. ಯಕ್ಷಗಾನ ಮೇಳದಲ್ಲಿ ಚೆಂಡೆವಾದಕರಾಗಿರುವ ನನ್ನ ಭಾವನವರನ್ನು, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯ ದಿನಕ್ಕೆ ಮೇಳದ ತಿರುಗಾಟ ಮುಗಿದ ಮೇಲೆ, ಅಕ್ಕನ ಒತ್ತಾಯಕ್ಕೆ ಅಲ್ಲಿಗೆ ಕರೆದೊಯ್ದಿದ್ದೆ. ಜೋರು ಗೊರಕೆ, ನಿದ್ದೆಯ ನಡುವೆ ಉಸಿರು ನಿಂತಂತಾಗಿ ಬೆಚ್ಚುವುದು, ಹಗಲು ಕುಳಿತಲ್ಲೇ ತೂಕಡಿಕೆ ಅವರ ತೊಂದರೆಗಳು.

ಕೊಠಡಿ ಸ್ವಚ್ಛವಾಗಿದೆ, ಹಾಸಿಗೆ ಚೆನ್ನಾಗಿದೆ, ಹೊರಗಿನ ಸದ್ದು ಒಳಗೆ ಬರುವುದಿಲ್ಲ. ತಂತ್ರಜ್ಞರು ತಲೆಯ ಮೇಲೆ ಅಳತೆ ಹಿಡಿದು ಗುರುತು ಹಾಕಿ, ಮೆದುಳಿನ ವಿದ್ಯುತ್ ಅಲೆಗಳನ್ನು ಹಿಡಿಯುವ ತಂತಿಗಳನ್ನು ಅಂಟಿಸುತ್ತಾರೆ; ಕಣ್ಣಿನ ಅಂಚು, ಗಲ್ಲ, ಕಾಲುಗಳಿಗೆ ಬೇರೆ ತಂತಿಗಳು, ಮೂಗಿಗೆ ಸಣ್ಣ ಕೊಳವೆ, ಎದೆಗೂ ಹೊಟ್ಟೆಗೂ ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಮನೆಯಲ್ಲೇ ಮಾಡಿಕೊಳ್ಳುವ ಅಗ್ಗದ ಪರೀಕ್ಷೆಯೂ ಲಭ್ಯವಿದೆ. ಆದರೆ ಅದರ ಸಾಮಾನ್ಯ ಕಿಟ್‌ಗಳಲ್ಲಿ ಮೆದುಳಿನ ಅಲೆಗಳ ದಾಖಲೆ ಇರುವುದಿಲ್ಲವಾದ್ದರಿಂದ, ಉಸಿರು ಕಟ್ಟಿದ್ದು ಯಾವ ಹಂತದ ನಿದ್ದೆಯಲ್ಲಿ ಎಂಬುದಾಗಲಿ, ಆ ಹೊತ್ತಿನಲ್ಲಿ ವ್ಯಕ್ತಿ ನಿಜಕ್ಕೂ ನಿದ್ರಿಸಿದ್ದರೇ ಎಂಬುದಾಗಲಿ ಅದರಿಂದ ಖಚಿತವಾಗಿ ತಿಳಿಯದು. ಇಲ್ಲಿ ಇಡೀ ರಾತ್ರಿಯ ದಾಖಲೆಯನ್ನು 30 ಸೆಕೆಂಡುಗಳ ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿನ ಹಂತವನ್ನು ಗುರುತಿಸುತ್ತಾರೆ. ಹೆಚ್ಚಿನ ಶುಲ್ಕಕ್ಕೆ ಇದೊಂದೇ ಸಾಕಷ್ಟು ಸಮರ್ಥನೆ.

ತೊಡಕು ಶುರುವಾದದ್ದು ರಾತ್ರಿ ಹತ್ತಕ್ಕೆ ದೀಪ ಆರಿಸಿದಾಗ. "ಬೇಗ ಮಲಗಿ ಸರ್, ಬೆಳಿಗ್ಗೆ ಆರಕ್ಕೆ ವಯರ್ ತೆಗೆಯಬೇಕು" ಎಂದ ತಂತ್ರಜ್ಞರಿಗೆ ಭಾವನವರು, "ನಮಗೆ ಇದು ಪ್ರಸಂಗ ಶುರುವಾಗುವ ಹೊತ್ತು ಮಾರಾಯ್ರೆ" ಎಂದರು. ಅದು ಬರಿಯ ತಮಾಷೆಯಾಗಿರಲಿಲ್ಲ. ಕಾಲಮಿತಿಯ ಆಟಗಳು ಹೆಚ್ಚುತ್ತಿದ್ದರೂ ಅವರ ಮೇಳದ್ದು ಇನ್ನೂ ಬೆಳಗಿನವರೆಗಿನ ಆಟ.

ನಿದ್ದೆ ಎರಡು ಒತ್ತಡಗಳ ಕೂಡುಫಲವೆಂಬ ವಿವರಣೆಯನ್ನು ನಿದ್ರಾ ಸಂಶೋಧಕ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮಂಡಿಸಿದರು. ಎಚ್ಚರವಾಗಿರುವಷ್ಟು ಹೊತ್ತೂ ಬೆಳೆಯುತ್ತ ಹೋಗುವ ನಿದ್ದೆಯ ಹಂಬಲ ಒಂದು. ಮೆದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತ ಹೋಗುವುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು, ಚೌಕಿಯ (ವೇಷ ಕಟ್ಟುವ ಕೋಣೆಯ) ಚಹಾ ಕೆಲಸ ಮಾಡುವುದು ಮೆದುಳಿನ ಕೋಶಗಳ ಮೇಲೆ ಈ ಅಡೆನೊಸಿನ್ ಕೂರುವ ಜಾಗಗಳಿಗೆ, ಅಂದರೆ ಗ್ರಾಹಕಗಳಿಗೆ, ಅಡ್ಡ ಕೂರುವ ಮೂಲಕ. ಮಧ್ಯಾಹ್ನದ ನಂತರ ಕಾಫಿ, ಚಹಾ ಬೇಡವೆಂದು ಆಸ್ಪತ್ರೆ ಕೊಟ್ಟ ಸೂಚನೆ ಆದ್ದರಿಂದ ಸರಿಯಾದದ್ದೇ. ಎರಡನೆಯದು ದಿನಚರಿಯ ಗಡಿಯಾರ. ಕಣ್ಣಿನ ನರಗಳು ಪರಸ್ಪರ ದಾಟುವ ಜಾಗದ ಮೇಲ್ಗಡೆ, ಹೈಪೋಥಲಾಮಸ್‌ನಲ್ಲಿರುವ ಪುಟ್ಟ ನರಕೋಶ ಗುಂಪೊಂದು ಕಣ್ಣಿಗೆ ಬೀಳುವ ಬೆಳಕನ್ನು ಆಧರಿಸಿ ಹೊತ್ತು ಹೊಂದಿಸಿಕೊಳ್ಳುತ್ತದೆ. ದೇಹಕ್ಕೆ ರಾತ್ರಿಯಾಯಿತೆಂದು ಸೂಚಿಸುವ ಹಾರ್ಮೋನ್ ಮೆಲಟೋನಿನ್ ಯಾವಾಗ ಸ್ರವಿಸಬೇಕೆಂಬುದೂ ಅದರ ಹಿಡಿತದಲ್ಲಿದೆ. ತಿಂಗಳುಗಟ್ಟಲೆ ರಂಗಸ್ಥಳದ ಬೆಳಕಿನಲ್ಲಿ ಬೆಳಗು ಮಾಡಿ, ಹಗಲು ಬಾಗಿಲು ಮುಚ್ಚಿ ಮಲಗುವವರ ಗಡಿಯಾರ, ಮೇಳ ಮುಗಿದ ಮಾತ್ರಕ್ಕೆ ಊರಿನ ಗಡಿಯಾರಕ್ಕೆ ಹೊಂದಿಕೊಳ್ಳುವುದಿಲ್ಲ.

ಭಾವನವರಿಗೆ ನಿದ್ದೆ ಹತ್ತಿದ್ದು ಮೂರರ ಸುಮಾರಿಗೆ, ಆರಕ್ಕೆ ಎಬ್ಬಿಸಿದರು. ಪರೀಕ್ಷೆಯ ಅರ್ಥವೇ ಕೆಟ್ಟದ್ದು ಇಲ್ಲಿ. ನಿದ್ದೆಯ ಆರಂಭದ ಗಂಟೆಗಳಲ್ಲಿ ಗಾಢ ನಿದ್ದೆ ಹೆಚ್ಚು. ಕಣ್ಣುಗುಡ್ಡೆಗಳು ಸರಸರನೆ ಚಲಿಸುವ, ಕನಸುಗಳು ದಟ್ಟವಾಗಿರುವ ಹಂತ ಹೆಚ್ಚಾಗಿ ಬರುವುದು ಕೊನೆಯ ಗಂಟೆಗಳಲ್ಲಿ. 1953ರಲ್ಲಿ ಷಿಕಾಗೋದಲ್ಲಿ ಯೂಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ವರದಿ ಮಾಡಿದ ಈ ಹಂತದಲ್ಲಿ ಮೆದುಳಿನ ಅಲೆಗಳು ಎಚ್ಚರದ ಅಲೆಗಳನ್ನು ಹೋಲುತ್ತವೆ, ಆದರೆ ಮಿದುಳುಕಾಂಡದಿಂದ ಹೊರಡುವ ಸಂಕೇತಗಳು ಮೈಯ ಸ್ನಾಯುಗಳನ್ನು ಸಡಿಲಗೊಳಿಸುತ್ತವೆ. ಕನಸಿನಲ್ಲಿ ಚೆಂಡೆ ಬಾರಿಸಿದರೂ ಕೈ ಏಳದಿರುವುದು ಇದರಿಂದಲೇ. ಗಂಟಲಿನ ಸ್ನಾಯುಗಳೂ ಆಗ ಸಡಿಲವಾಗುವುದರಿಂದ, ಗಂಟಲಿನಲ್ಲಿ ಉಸಿರಿನ ದಾರಿ ಮುಚ್ಚಿಕೊಳ್ಳುವ ಕಾಯಿಲೆ ಅನೇಕರಲ್ಲಿ ಇದೇ ಹಂತದಲ್ಲಿ ಅತಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇವರ ದಾಖಲೆಯಲ್ಲಿ ಆ ಹಂತ ಬಹುತೇಕ ಇರಲೇ ಇಲ್ಲ.

ವರದಿ ಕಾಯಿಲೆಯನ್ನು 'ಸೌಮ್ಯ' ಎಂದಿತು. ಗಂಟೆಗೆ 5ರಿಂದ 15 ಬಾರಿ ಉಸಿರಾಟ ನಿಂತರೆ ಅಥವಾ ಕುಗ್ಗಿದರೆ ಸೌಮ್ಯ, 30ರ ಮೇಲಾದರೆ ತೀವ್ರ ಎಂಬ ವರ್ಗೀಕರಣದಂತೆ ಲೆಕ್ಕ ಸರಿಯಾಗಿಯೇ ಇದ್ದಿರಬಹುದು. ಆದರೆ ಕನಸಿನ ನಿದ್ದೆ ದಾಖಲಾಗದ್ದರಿಂದ ಈ ಅಂಕಿ ವಾಸ್ತವಕ್ಕಿಂತ ಕಡಿಮೆಯಿರಬಹುದೆಂಬ ಒಂದು ಸಾಲನ್ನಾದರೂ ಷರಾ ಕಾಲಂನಲ್ಲಿ ಬರೆಯಬೇಕಿತ್ತು. ಕೇಳಿದಾಗ ವೈದ್ಯರು ತಕ್ಷಣ ಒಪ್ಪಿಕೊಂಡರು, ತಾಳ್ಮೆಯಿಂದ ವಿವರಿಸಿದರು. ಹಗಲು ಮಲಗಿಸಿ ಪರೀಕ್ಷಿಸಬಹುದೇ ಎಂದರೆ ಮಾತ್ರ, ಹಗಲು ಪಾಳಿಗೆ ತಂತ್ರಜ್ಞರಿಲ್ಲವೆಂಬ ಉತ್ತರ ಬಂತು. ಮೇಳದ ಕಲಾವಿದರು, ದಕ್ಕೆಯಲ್ಲಿ ನಸುಕಿಗೆ ಮೊದಲೇ ಮೀನಿನ ಕೆಲಸಕ್ಕಿಳಿಯುವವರು, ರಾತ್ರಿ ಪಾಳಿಯ ದಾದಿಯರು ಇಷ್ಟೊಂದು ಇರುವ ಊರಿನಲ್ಲಿ ಈ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ಬೇಕಾದದ್ದು ಕತ್ತಲಾಗಿಸಬಹುದಾದ ಕೋಣೆ ಮತ್ತು ಎಚ್ಚರವಿರುವ ಒಬ್ಬ ತಂತ್ರಜ್ಞ, ಅಷ್ಟೇ.

ರಾತ್ರಿ ಹತ್ತು-ಹನ್ನೊಂದಕ್ಕೆ ಮಲಗುವ ರೂಢಿಯವರಿಗೆ ಈ ಸೇವೆಯನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಉಳಿದವರು ಹಣ ಕಟ್ಟುವ ಮೊದಲು, ತಾವು ವಾಡಿಕೆಯಾಗಿ ಮಲಗಿ ಏಳುವ ಹೊತ್ತನ್ನು ಕೆಲವು ದಿನ ಬರೆದಿಟ್ಟು ವೈದ್ಯರಿಗೆ ತೋರಿಸಿ, ದೀಪ ಆರಿಸುವ ಮತ್ತು ಎಬ್ಬಿಸುವ ಸಮಯವನ್ನು ಅದಕ್ಕೆ ಹೊಂದಿಸಲಾಗುವುದೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.