36 ಜನ ‘ಹೂಂ’ ಅಂದರು, 4 ಜನ ಮುಂಗಡ ಕೊಟ್ಟರು: ಉದ್ಯಮಶೀಲತೆಯ ಪದವಿ ಓದಿ ಮುಗಿಸಿದ ಮೇಲೆ

ಬಿಸಿನೆಸ್ ಪದವಿಯಲ್ಲಿ ಉದ್ಯಮಶೀಲತೆ ಮತ್ತು ನಾವೀನ್ಯತೆಯನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದಾ ಅಂತ ಪರಿಚಯದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ನನ್ನನ್ನು ಆಗಾಗ ಕೇಳುತ್ತಾರೆ. ಅದನ್ನೇ ಓದಿ, ಮುಗಿಸಿ, ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಒಂದೂವರೆ ಯಾಕೆ ಕಡಿಮೆಯಾಯಿತು ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಆದರೆ ಆ ಮೂರೂವರೆ ಎಲ್ಲಿಂದ ಬಂತು ಅಂತ ಮೊದಲು ಹೇಳಬೇಕು, ಯಾಕೆಂದರೆ ಅದು ನಾನು ಅಂದುಕೊಂಡಿದ್ದ ಕಡೆಯಿಂದ ಬರಲಿಲ್ಲ.

ಸೇರುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇದನ್ನು ಓದಿದರೆ ಕಂಪನಿ ಕಟ್ಟುವುದು ಬರುತ್ತದೆ. ಕಾಲೇಜಿನ ಪ್ರವೇಶ ಪುಸ್ತಿಕೆಯೂ ಹಾಗೇ ಇತ್ತು, ಪುಟಪುಟಕ್ಕೂ ವೇದಿಕೆ ಮೇಲೆ ಮೈಕ್ ಹಿಡಿದ ವಿದ್ಯಾರ್ಥಿಗಳ ಫೋಟೋ. ಮೊದಲ ಸೆಮಿಸ್ಟರ್ ಮಾತ್ರ ಪೂರ್ತಿ ಪಾಠ. ಈ ವಿಷಯಕ್ಕೆ ತರಗತಿಯಲ್ಲಿ ಜಾಗ ಸಿಕ್ಕಿದ್ದೇ ತಡವಾಗಿ ಅಂತ ಅಲ್ಲಿ ತಿಳಿಯಿತು. ಹಾರ್ವರ್ಡ್‌ನಲ್ಲಿ ಮೈಲ್ಸ್ ಮೇಸ್ 1947ರಲ್ಲಿ ಹೊಸ ಉದ್ಯಮಗಳ ನಿರ್ವಹಣೆ ಕುರಿತ ಮೊದಲ ಕೋರ್ಸ್ ಶುರು ಮಾಡಿದಾಗ ಸೇರಿದವರು 188 ಮಂದಿ. ಅವರೆಲ್ಲ ಎಂಬಿಎ ವಿದ್ಯಾರ್ಥಿಗಳು, ಬಹಳಷ್ಟು ಜನ ಯುದ್ಧ ಮುಗಿಸಿ ಬಂದವರು, ಬದುಕು ಕಂಡವರು. ಪಿಯುಸಿ ವಯಸ್ಸು ದಾಟಿದ ಕೂಡಲೇ ಅದೇ ವಿಷಯ ಓದುವ ನಮಗೂ ಅವರಿಗೂ ಇರುವ ಅಂತರ ಎಷ್ಟು ದೊಡ್ಡದು ಅಂತ ಆಗ ಹೊಳೆದಿರಲಿಲ್ಲ.

ಆ ಪಾಠಗಳಲ್ಲಿ ಈಗಲೂ ನನ್ನ ಜೊತೆ ಇರುವುದು ಎರಡು. ಅರ್ಥಶಾಸ್ತ್ರಜ್ಞ ಶುಂಪೀಟರ್ 1942ರಲ್ಲಿ ಬರೆದ ‘ಸೃಜನಶೀಲ ವಿನಾಶ’, ಅಂದರೆ ಹೊಸದು ಬಂದಾಗ ಹಳೆಯದರ ಪಕ್ಕದಲ್ಲಿ ಕೂರುವುದಿಲ್ಲ, ಅದನ್ನು ಕಿತ್ತುಹಾಕಿಯೇ ಬೆಳೆಯುತ್ತದೆ ಅನ್ನುವುದು. ಇನ್ನೊಂದು, ಹೊಸದು ಜನರಲ್ಲಿ ಹೇಗೆ ಹರಡುತ್ತದೆ ಅನ್ನುವುದರ ಬಗ್ಗೆ ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲಿ ಮಾಡಿದ ವಿಂಗಡಣೆ: ಹೊಸದನ್ನು ಕಣ್ಣುಮುಚ್ಚಿ ಎತ್ತಿಕೊಳ್ಳುವವರು ನೂರಕ್ಕೆ ಎರಡೂವರೆ, ಅವರ ಹಿಂದೆ ಬರುವವರು ಹದಿಮೂರೂವರೆ, ಆಮೇಲೆ ಮೂವತ್ತನಾಲ್ಕು, ಮತ್ತೆ ಮೂವತ್ತನಾಲ್ಕು, ಕೊನೆಗೆ ಹದಿನಾರು. ಪರೀಕ್ಷೆಗೆ ಬಾಯಿಪಾಠ ಮಾಡಿದ ಅಂಕಿಗಳು. ಮೂರನೇ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್‌ನ ಬಾಗಿಲು ಬಾಗಿಲು ತಟ್ಟುವಾಗಲೇ ಅವಕ್ಕೆ ಜೀವ ಬಂದದ್ದು.

ಆ ಸೆಮಿಸ್ಟರ್‌ನ ಕ್ಷೇತ್ರಕಾರ್ಯ ಈ ಪದವಿಯ ಪ್ರಾಣ. ನಾವು ನಾಲ್ಕು ಜನರ ತಂಡ. ದೊಡ್ಡ ರಜೆಗೆ ಹಾಸ್ಟೆಲ್ ಖಾಲಿ ಮಾಡಬೇಕು, ಹಾಸಿಗೆ, ಪುಸ್ತಕ, ಟ್ರಂಕು ಎಲ್ಲಿಡುವುದು ಅನ್ನುವುದು ಎಲ್ಲರ ತಾಪತ್ರಯ. ಆ ಸಾಮಾನನ್ನು ರಜೆ ಮುಗಿಯುವವರೆಗೆ ಇಟ್ಟುಕೊಂಡು, ವಾಪಸ್ ಕೊಟ್ಟು, ಬಾಡಿಗೆ ತೆಗೆದುಕೊಳ್ಳುವುದು ನಮ್ಮ ಯೋಜನೆ. ನಮಗೆ ಅದರ ಮೇಲೆ ಎಷ್ಟು ನಂಬಿಕೆ ಅಂದರೆ, ಮೊದಲ ವಾರವೇ ಆ್ಯಪ್‌ನ ಹೆಸರು, ಬಣ್ಣ ಎಲ್ಲ ತೀರ್ಮಾನವಾಗಿತ್ತು.

ನಮ್ಮ ಮೇಡಂ ಆ್ಯಪ್‌ನ ಚಿತ್ರ ನೋಡಲೇ ಇಲ್ಲ. “ಎಷ್ಟು ಜನರನ್ನ ಕೇಳಿದ್ರಿ?” ಅಂದರು. ಯಾರನ್ನೂ ಕೇಳಿರಲಿಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಕೈಗಿಟ್ಟು, ನಲವತ್ತು ಜನರ ಜೊತೆ ಮಾತಾಡುವವರೆಗೆ ಒಂದು ಸಾಲೂ ಪ್ರೋಗ್ರಾಂ ಬರೆಯಬೇಡಿ ಅಂದರು. ಕಟ್ಟಡ ಬಿಟ್ಟು ಹೊರಗೆ ಹೋಗಿ ಗ್ರಾಹಕರನ್ನೇ ಕಾಣಬೇಕು ಅಂತ ಅಮೆರಿಕದ ಉದ್ಯಮಿ ಸ್ಟೀವ್ ಬ್ಲಾಂಕ್ ಹೇಳುವುದನ್ನು ಪುಸ್ತಕದಲ್ಲಿ ಓದುವುದು ಸುಲಭ. ಊಟ ಮುಗಿಸಿ ಮಲಗಲು ಹೊರಟವರನ್ನು ನಿಲ್ಲಿಸಿ ಮಾತಾಡಿಸುವಾಗ ನನ್ನ ಗಂಟಲು ಒಣಗುತ್ತಿತ್ತು.

41 ಜನರನ್ನು ಕೇಳಿದೆವು. “ಹೀಗೊಂದು ಸೇವೆ ಇದ್ರೆ ಬಳಸ್ತೀರಾ?” ಅಂದಾಗ 36 ಜನ ಹೂಂ ಅಂದರು. ಕುಣಿದಾಡಿಕೊಂಡೇ ನೋಟ್‌ಬುಕ್ ಒಪ್ಪಿಸಿದೆವು. ಮರುದಿನ ಅದು ವಾಪಸ್ ಬಂದಾಗ ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್ಲಿನಲ್ಲಿ ಒಂದೇ ಪ್ರಶ್ನೆ: “ಕಳೆದ ರಜೆಯಲ್ಲಿ ಏನು ಮಾಡಿದರು?” ನಾಳೆ ಏನು ಮಾಡುತ್ತೀರಿ ಅಂತ ಕೇಳಿದರೆ ಜನ ನಮ್ಮ ಮುಖ ನೋಡಿ ಉತ್ತರ ಕೊಡುತ್ತಾರೆ, ನಿನ್ನೆ ಏನು ಮಾಡಿದಿರಿ ಅಂತ ಕೇಳಿದರೆ ನಡೆದದ್ದು ಹೇಳುತ್ತಾರೆ ಅಂತ ಮೇಡಂ ಬಿಡಿಸಿ ಹೇಳಿದರು.

ಮೊದಲು ಮಾತಾಡಿಸಿದವರ ಹತ್ತಿರವೇ ಮತ್ತೆ ಹೋದೆವು. ಮೂರನೇ ಮಹಡಿಯ ಒಬ್ಬ ಹುಡುಗಿ ಹೇಳಿದ್ದು ಹೀಗೆ: “ಇಡೋಕೆ ಜಾಗ ಇತ್ತಕ್ಕಾ, ನಮ್ಮ ಸಂಬಂಧಿಕರ ಮನೇಲಿ. ಟ್ರಂಕು ಕೆಳಗೆ ಇಳಿಸೋಕೆ ಯಾರೂ ಇರ್ಲಿಲ್ಲ. ಎರಡನೇ ಮಹಡಿ ತಿರುವಲ್ಲಿ ಕೈ ಜಾರಿ ಹಿಡಿಕೆ ಮುರೀತು.” ಮುರಿದ ಹಿಡಿಕೆಗೆ ಅವಳು ದುಪಟ್ಟಾದ ಅಂಚು ಹರಿದು ಗಂಟು ಹಾಕಿದ್ದಳು, ಅದು ಹಾಗೇ ಇತ್ತು. ಹಾಗೆ ಕೇಳುತ್ತಾ ಹೋದರೆ 41ರಲ್ಲಿ 23 ಜನ ಹೇಳಿದ್ದು ಹೊರುವ ಕಷ್ಟವನ್ನು. ಜಾಗದ ಕಷ್ಟ ಹೇಳಿದವರು 7. ನಾವು ಗೋದಾಮು ಕಟ್ಟಲು ಹೊರಟಿದ್ದೆವು, ಅವರಿಗೆ ಬೇಕಾಗಿದ್ದದ್ದು ಎರಡು ಗಟ್ಟಿ ಕೈಗಳು. ಆ ನೋಟ್‌ಬುಕ್‌ನ ಅರವತ್ತನೆಯ ಪುಟ, ಈ ಲೆಕ್ಕ ಬರೆದಿಟ್ಟ ಪುಟ, ಕಲಿಸಿದಷ್ಟನ್ನು ನನಗೆ ಬೇರೆ ಯಾವ ಪಠ್ಯಪುಸ್ತಕವೂ ಕಲಿಸಿಲ್ಲ.

ಆಮೇಲೆ ಮುಂಗಡದ ಪರೀಕ್ಷೆ. ಹೂಂ ಅಂದ ಅಷ್ಟೂ ಜನರ ಹತ್ತಿರ ಸಣ್ಣ ಮುಂಗಡ ಕೇಳಿದೆವು, ಕೊಟ್ಟವರು 4 ಜನ. ಆ ರಾತ್ರಿ ನಾವು ಯಾರೂ ಸರಿಯಾಗಿ ಮಾತಾಡಲಿಲ್ಲ. ಆದರೆ ಆ ನಾಲ್ವರಿಗಾಗಿ ಕೆಲಸ ಮಾಡಿದೆವು, ಟ್ರಂಕು ಹೊತ್ತು ಇಳಿಸಿ, ಇಟ್ಟುಕೊಂಡು, ಆ್ಯಪ್ ಇಲ್ಲದೆ. ರಟ್ಟಿನ ಚೀಟಿಯಲ್ಲಿ ನಂಬರ್ ಬರೆದು, ದಾರದಲ್ಲಿ ಕಟ್ಟಿ, ಒಂದು ಅರ್ಧ ಅವರಿಗೆ, ಒಂದು ಅರ್ಧ ಟ್ರಂಕಿಗೆ. 1999ರಲ್ಲಿ ನಿಕ್ ಸ್ವಿನ್‌ಮರ್ನ್ ಜ್ಯಾಪೋಸ್ ಅನ್ನುವ ಆನ್‌ಲೈನ್ ಶೂ ಅಂಗಡಿ ಶುರು ಮಾಡುವಾಗ ಗೋದಾಮಿಗೆ ಚಪ್ಪಲಿ ತುಂಬಿಸಲಿಲ್ಲ. ಅಂಗಡಿಗಳಿಗೆ ಹೋಗಿ ಶೂಗಳ ಫೋಟೋ ತೆಗೆದು ವೆಬ್‌ಸೈಟಿಗೆ ಹಾಕಿದರು, ಆರ್ಡರ್ ಬಂದರೆ ಆ ಅಂಗಡಿಯಿಂದಲೇ ಕೊಂಡು ಕಳಿಸಿದರು. ಜನ ನೋಡದೆ ಶೂ ಕೊಳ್ಳುತ್ತಾರಾ ಅನ್ನುವ ಒಂದೇ ಪ್ರಶ್ನೆಗೆ ಅಷ್ಟು ಸಾಕಿತ್ತು. ನಮ್ಮ ರಟ್ಟಿನ ಚೀಟಿಯೂ ಅದೇ ಕೆಲಸ ಮಾಡಿತು. ರಜೆ ಹತ್ತಿರವಾದಂತೆ ಆ ನಾಲ್ವರ ರೂಮ್‌ಮೇಟ್‌ಗಳು ತಾವಾಗಿ ಬಂದರು, ಕೊನೆಗೆ 19 ಟ್ರಂಕುಗಳಾದವು. ಮೊದಲು ಮುಂದೆ ಬರುವವರು ಯಾವಾಗಲೂ ಬೆರಳೆಣಿಕೆಯಷ್ಟೇ, ಉಳಿದವರು ಅವರನ್ನು ನೋಡಿ ಬರುತ್ತಾರೆ ಅನ್ನುವ ರೋಜರ್ಸ್ ಮಾತು ಆಗ ಕಣ್ಣೆದುರೇ ನಡೆಯಿತು.

ಲೆಕ್ಕದ ಮಾತಿಗೆ ಬಂದರೆ, ಈ ಪದವಿ ಬಿಸಿನೆಸ್ ವಿಭಾಗದ ಒಳಗೇ ಇರುವುದು ದೊಡ್ಡ ಪುಣ್ಯ. ಬಾಡಿಗೆ ಜಾಗಕ್ಕೆ ಎರಡು ತಿಂಗಳ ಹಣ ಮೊದಲೇ ಕಟ್ಟಿದ್ದೆವು. ಗ್ರಾಹಕರು ಉಳಿದ ಹಣ ಕೊಡುವುದು ಟ್ರಂಕು ವಾಪಸ್ ಒಯ್ಯುವಾಗ. ಲಾಭ ನಷ್ಟದ ಪಟ್ಟಿ ಹಾಕಿದರೆ ಲಾಭ ಕಾಣುತ್ತಿತ್ತು, ಡಬ್ಬಿ ತೆರೆದರೆ ಆಟೋಗೆ ಕೊಡಲೂ ಕಾಸಿರಲಿಲ್ಲ. ಲಾಭ ಬೇರೆ, ಕೈಯಲ್ಲಿರುವ ನಗದು ಬೇರೆ ಅಂತ ಅಕೌಂಟಿಂಗ್ ಸರ್ ಒಂದು ವರ್ಷ ಬಡಿದುಕೊಂಡಿದ್ದು ಅವತ್ತು ತಲೆಗೆ ಹೋಯಿತು. ಬೇರೆ ವಿಭಾಗದಿಂದ ಬಂದು ಈ ಕೋರ್ಸನ್ನು ಐಚ್ಛಿಕವಾಗಿ ಓದಿದವರು ಬಹಳ ಒದ್ದಾಡಿದ್ದು ಇಲ್ಲೇ. ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ ಅವರ ಒಂಬತ್ತು ಮನೆಗಳ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್, ಅಂದರೆ ಉದ್ಯಮದ ಯೋಜನೆಯನ್ನು ಒಂದೇ ಹಾಳೆಯಲ್ಲಿ ತೋರಿಸುವ ಪಟ್ಟಿ, ತುಂಬಲು ಎಲ್ಲರಿಗೂ ಬರುತ್ತದೆ, ಬಣ್ಣದ ಚೀಟಿ ಅಂಟಿಸಿದರಾಯಿತು. ಮುಂದಿನ ಹನ್ನೆರಡು ವಾರದ ನಗದು ಪಟ್ಟಿ ಹಾಕಲು ಅಕೌಂಟಿಂಗ್ ಓದಿರಲೇಬೇಕು.

ಇನ್ನು ಆ ಒಂದೂವರೆ ಅಂಕದ ಮಾತು. ಸೆಮಿಸ್ಟರ್‌ನ ನೂರು ಅಂಕದಲ್ಲಿ ಕೊನೆಯ ಪಿಚ್‌ಗೆ, ಅಂದರೆ ಉದ್ಯಮದ ಯೋಜನೆಯನ್ನು ಎಲ್ಲರ ಮುಂದೆ ಮಂಡಿಸುವುದಕ್ಕೆ, 50, ಕ್ಷೇತ್ರಕಾರ್ಯದ ನೋಟ್‌ಬುಕ್‌ಗೆ 10. ಇಷ್ಟು ಹೇಳಿದರೆ ಸಾಕು, ವಿದ್ಯಾರ್ಥಿಗಳು ಯಾವುದಕ್ಕೆ ಒದ್ದಾಡುತ್ತಾರೆ ಅಂತ ಊಹಿಸಬಹುದು. ಪಿಚ್‌ಗೆ ಮೊದಲು ತಾಲೀಮು ನೋಡಲು ಬಂದ ಹೊರಗಿನ ಮಾರ್ಗದರ್ಶಕರೊಬ್ಬರು ನಮ್ಮ ನಾಲ್ಕನೇ ಸ್ಲೈಡ್ ನೋಡಿ, ಇದನ್ನು ತೆಗೆಯಿರಿ ಅಂದರು. ಅದರಲ್ಲಿ ಇದ್ದದ್ದು ಎರಡೇ ಅಂಕಿ, 36 ಮತ್ತು 4. ದುರ್ಬಲವಾಗಿ ಕಾಣುತ್ತೀರಿ, ಮಾರುಕಟ್ಟೆ ಎಷ್ಟು ದೊಡ್ಡದು ಅಂತ ತೋರಿಸಿ ಅಂದರು. ತೆಗೆದೆವು. ಒಳ್ಳೆಯ ಅಂಕ ಬಂತು. ನಮಗಿಂತ ಚೆನ್ನಾಗಿ ಕ್ಷೇತ್ರಕಾರ್ಯ ಮಾಡಿ, ‘ನಮ್ಮ ಊಹೆ ತಪ್ಪಿತ್ತು, ಈ ಉದ್ಯಮ ನಡೆಯುವುದಿಲ್ಲ’ ಅಂತ ಸಾಕ್ಷಿ ಸಮೇತ ಹೇಳಿದ ಇನ್ನೊಂದು ತಂಡ ಕೊನೆಯ ಸ್ಥಾನಕ್ಕೆ ಹೋಯಿತು. ಅವರ ಮುಖ ನನಗೆ ಈಗಲೂ ನೆನಪಿದೆ. ತಪ್ಪು ಊಹೆಯನ್ನು ಬೇಗ ಕಂಡುಹಿಡಿಯಿರಿ ಅಂತ ಇಡೀ ಸೆಮಿಸ್ಟರ್ ಕಲಿಸಿ, ಕಂಡುಹಿಡಿದವರನ್ನೇ ಕೊನೆಗೆ ಶಿಕ್ಷಿಸುವುದು ಅನ್ಯಾಯ. ಆ ಸ್ಲೈಡ್ ತೆಗೆಯಬಾರದಿತ್ತು.

ಪಾಲುದಾರಿಕೆಗೆ ಇಡೀ ಪದವಿಯಲ್ಲಿ ಒಂದೇ ತರಗತಿ ಕೊಟ್ಟಿದ್ದೂ ನನಗೆ ಒಪ್ಪಿಗೆಯಿಲ್ಲ. ನಮ್ಮ ತಂಡದಲ್ಲಿ ನಾಲ್ವರಿಗೂ ಸಮಪಾಲು ಅಂತ ಮೊದಲ ದಿನವೇ ಮಾತಾಗಿತ್ತು. ಮೂರನೇ ವಾರಕ್ಕೆ ಒಬ್ಬ ಬರುವುದು ಬಿಟ್ಟ, ಹಣ ಹಂಚುವ ದಿನ ಬಂದ. ಸ್ಟಾರ್ಟಪ್‌ಗಳಲ್ಲಿ ಸ್ಥಾಪಕರ ಷೇರು ಒಂದೇ ಸಲ ಕೈಗೆ ಬರುವುದಿಲ್ಲ, ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ, ಮೊದಲ ವರ್ಷ ತುಂಬುವ ಮುನ್ನ ಹೋದವರಿಗೆ ಏನೂ ಇಲ್ಲ. ಈ ಪದ್ಧತಿ ಯಾಕೆ ಹುಟ್ಟಿತು ಅಂತ ಆ ಜಗಳದಲ್ಲಿ ನಮಗೆ ಅರ್ಥವಾಯಿತು. ತರಗತಿಯಲ್ಲೇ ಅರ್ಥವಾಗಿದ್ದರೆ ಒಬ್ಬ ಸ್ನೇಹಿತ ಉಳಿಯುತ್ತಿದ್ದ.

ನಾವೀನ್ಯತೆಯ ಭಾಗ ಹೆಸರಿನಲ್ಲಿ ಅರ್ಧ, ಪಾಠದಲ್ಲಿ ಕಾಲು. ಫೋಟೋ ಫಿಲ್ಮ್ ಕಂಪನಿ ಕೋಡಾಕ್‌ನ ಕಥೆಗೆ ಒಂದು ಗಂಟೆ ಕೊಟ್ಟರು: ಅಲ್ಲಿನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿದ್ದರು, ಒಂದು ಚಿತ್ರ ಕ್ಯಾಸೆಟ್‌ಗೆ ಇಳಿಯಲು 23 ಸೆಕೆಂಡ್ ಬೇಕಿತ್ತು, ಕಂಪನಿ 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಫಿಲ್ಮ್‌ನಿಂದ ಲಾಭ ಹರಿದು ಬರುತ್ತಿರುವಾಗ ಅದನ್ನೇ ಕೊಲ್ಲುವ ವಸ್ತುವಿಗೆ ಯಾವ ಮ್ಯಾನೇಜರ್ ಹಣ ಕೊಡುತ್ತಾನೆ, ಅವನನ್ನು ಒಪ್ಪಿಸುವುದು ಹೇಗೆ ಅನ್ನುವುದೇ ನಿಜವಾದ ಪಾಠ. ಅಲ್ಲಿಗೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಈಗ ನಾನಿರುವುದು ಒಂದು ಕಂಪನಿಯ ಹೊಸ ಉತ್ಪನ್ನಗಳ ವಿಭಾಗದಲ್ಲಿ, ದಿನವೂ ಬೇಕಾಗುವುದು ಅದೇ. ತ್ರೀಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಕಂಡುಹಿಡಿದ ಹಗುರವಾಗಿ ಅಂಟಿ ಸುಲಭವಾಗಿ ಬಿಡುವ ಅಂಟು ಪೋಸ್ಟ್-ಇಟ್ ಚೀಟಿಯಾಗಿ ಅಮೆರಿಕದ ಅಂಗಡಿಗಳಿಗೆ ಬಂದದ್ದು 1980ರಲ್ಲಿ. ನಡುವಿನ ಹನ್ನೆರಡು ವರ್ಷ ಅದನ್ನು ಜೀವಂತ ಇಟ್ಟವರು ಏನೇನು ಮಾಡಿದರು ಅಂತ ಒಂದು ಇಡೀ ಸೆಮಿಸ್ಟರ್ ಓದಿಸಬೇಕು.

ಪದವಿ ಮುಗಿದ ಕೂಡಲೇ ಸ್ವಂತ ಉದ್ಯಮ ಶುರು ಮಾಡದಿದ್ದರೆ ಓದಿದ್ದು ವ್ಯರ್ಥ ಅನ್ನುವ ಮಾತು ನನಗೂ ಬಹಳ ಸಲ ಬಂದಿದೆ. ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಹೊಸ ಕಂಪನಿಗಳ ಸ್ಥಾಪಕರನ್ನು ಲೆಕ್ಕ ಹಾಕಿದ ಅಧ್ಯಯನದಲ್ಲಿ, ಕಂಪನಿ ಶುರುವಾದಾಗ ಅವರ ಸರಾಸರಿ ವಯಸ್ಸು 45. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಅಂತ 27 ಜನರನ್ನು ಕೂರಿಸಿ ಅಧ್ಯಯನ ಮಾಡಿದ ಸಂಶೋಧಕಿ ಸರಸ್ ಸರಸ್ವತಿಯವರ ‘ತಡೆದುಕೊಳ್ಳಬಹುದಾದ ನಷ್ಟ’ ಅನ್ನುವ ವಿಚಾರವನ್ನೂ ನಮಗೆ ಕಲಿಸಿದರು: ಎಷ್ಟು ಬರಬಹುದು ಅಂತ ಮೊದಲು ಲೆಕ್ಕ ಹಾಕಬೇಡಿ, ಎಷ್ಟು ಹೋದರೆ ಎದ್ದು ನಿಲ್ಲಬಲ್ಲಿರಿ ಅಂತ ಹಾಕಿ. ಓದಿನ ಸಾಲ ತೀರುವ ತನಕ ನನ್ನ ಕೈಯಲ್ಲಿ ಕಳೆದುಕೊಳ್ಳುವಂಥದ್ದು ಸಂಜೆಯ ಸಮಯ ಬಿಟ್ಟು ಬೇರೇನೂ ಇಲ್ಲ. ಹಾಗಾಗಿ ಸಂಜೆಗಳನ್ನು ಮಾತ್ರ ಹೂಡುತ್ತಿದ್ದೇನೆ, ಇನ್ನೊಂದು ನೋಟ್‌ಬುಕ್ ಅರ್ಧ ತುಂಬಿದೆ.

ಕೆಲಸದ ಸಂದರ್ಶನದಲ್ಲಿ ಈ ಪದವಿಯ ಹೆಸರು ಕೇಳಿ ಹುಬ್ಬೇರಿಸಿದವರು ಇದ್ದರು. ಫೈನಾನ್ಸ್ ಅಂದರೆ ಏನು ಕೆಲಸ ಅಂತ ಎಲ್ಲರಿಗೂ ಗೊತ್ತು, ಇದಕ್ಕೆ ವಿವರಣೆ ಕೊಡಬೇಕು. ನಾನು ನೋಟ್‌ಬುಕ್ ತೆಗೆದು ಅರವತ್ತನೆಯ ಪುಟ ತೋರಿಸಿದೆ, ಮಾತು ಅಲ್ಲಿಂದ ಮುಂದೆ ಹೋಯಿತು. ಆದ್ದರಿಂದ ತೆಗೆದುಕೊಳ್ಳುವವರಿಗೆ ನನ್ನ ಸಲಹೆ, ಇದರ ಜೊತೆ ಅಕೌಂಟಿಂಗ್, ಇಲ್ಲವೇ ಕೈಯಿಂದ ಏನಾದರೂ ಮಾಡಲು ಕಲಿಸುವ ಇನ್ನೊಂದು ವಿಷಯವನ್ನು ಗಟ್ಟಿಯಾಗಿ ಓದಿ. ಅಪರಿಚಿತರನ್ನು ಮಾತಾಡಿಸುವುದಕ್ಕೆ ಸಂಕೋಚ ಅನ್ನುವವರು ಹೆದರಬೇಡಿ, ಅದು ಹತ್ತನೇ ಬಾಗಿಲಿಗೆ ಕಡಿಮೆಯಾಗುತ್ತದೆ. ಬರೀ ಪಿಚ್ ಸ್ಪರ್ಧೆ ಗೆಲ್ಲುವ ಆಸೆಯಿದ್ದರೆ ಮಾತ್ರ ಬೇಡ, ಅದಕ್ಕೆ ಪದವಿ ಬೇಕಿಲ್ಲ.

ಕಾಲೇಜು ಆರಿಸುವಾಗ ಅಂಕ ಹಂಚಿಕೆಯ ಪಟ್ಟಿ ಕೇಳಿ, ಕ್ಷೇತ್ರಕಾರ್ಯಕ್ಕೆ ಎಷ್ಟಿದೆ ನೋಡಿ. ಸೀನಿಯರ್‌ಗಳ ಪಿಚ್ ವಿಡಿಯೋ ತೋರಿಸುತ್ತೇವೆ ಅಂದರೆ, ಅದರ ಜೊತೆ ಅವರ ನೋಟ್‌ಬುಕ್ ಒಂದನ್ನೂ ತೋರಿಸಿ ಅನ್ನಿ. ಅದರಲ್ಲಿ ಗೀಟು ಹಾಕಿ ಹೊಡೆದ ಸಾಲುಗಳಿದ್ದು, ಅಂಚಿನಲ್ಲಿ ಮೇಷ್ಟರ ಪೆನ್ಸಿಲ್ ಗುರುತು ಕಂಡರೆ ಧೈರ್ಯವಾಗಿ ಅರ್ಜಿ ಹಾಕಿ.