ಸೋಲ್‌ನ ಛಾಯಾಚಿತ್ರ ಮ್ಯೂಸಿಯಂ: ಪಾರ್ಕ್ ಯಂಗ್‌ಸುಕ್ ಚಿತ್ರಗಳಿಗಾಗಿ ಹೋಗುವವರಿಗೆ

ಸೋಲ್ ನಗರದ ಉತ್ತರ ಭಾಗದ ಛಾಂಗ್‌ದೊಂಗ್‌ನಲ್ಲಿ 2025ರ ಮೇ ತಿಂಗಳಲ್ಲಿ ಬಾಗಿಲು ತೆರೆದ ಈ ಮ್ಯೂಸಿಯಂ, ಛಾಯಾಚಿತ್ರಗಳಿಗೆಂದೇ ದಕ್ಷಿಣ ಕೊರಿಯಾದಲ್ಲಿ ಕಟ್ಟಿದ ಮೊದಲ ಸಾರ್ವಜನಿಕ ಕಲಾ ಮ್ಯೂಸಿಯಂ. ಮೆಟ್ರೊ 1 ಮತ್ತು 4ನೇ ಮಾರ್ಗಗಳೆರಡೂ ಛಾಂಗ್‌ದೊಂಗ್ ನಿಲ್ದಾಣಕ್ಕೆ ಬರುತ್ತವೆ, ಅಲ್ಲಿಂದ ನಡಿಗೆಯ ದೂರ. ಟಿಕೆಟ್ ಇಲ್ಲ, ಸೋಮವಾರ ರಜೆ. ತಿರುಚಿದಂತೆ ಕಾಣುವ ಕಪ್ಪು ಪೆಟ್ಟಿಗೆಯಂಥ ಕಟ್ಟಡವನ್ನು ಹುಡುಕಬೇಕಾಗಿಲ್ಲ, ತಾನೇ ಕಣ್ಣಿಗೆ ಬೀಳುತ್ತದೆ.

ಉದ್ಘಾಟನೆಯ ಪ್ರದರ್ಶನಕ್ಕೆ ಆರಿಸಿದ್ದು ಐವರು ಛಾಯಾಗ್ರಾಹಕರನ್ನು. ಅವರಲ್ಲಿ ಒಬ್ಬರು 1929ರಲ್ಲೇ ಏಕವ್ಯಕ್ತಿ ಪ್ರದರ್ಶನ ನಡೆಸಿದ್ದ ಜಂಗ್ ಹೇಚಾಂಗ್. ಐವರಲ್ಲಿ ಹೆಣ್ಣು ಒಬ್ಬರೇ: 1941ರಲ್ಲಿ ಛೊನಾನ್‌ನಲ್ಲಿ ಹುಟ್ಟಿದ ಪಾರ್ಕ್ ಯಂಗ್‌ಸುಕ್. ಆಯ್ಕೆ ಸರಿಯಾಗಿಯೇ ಇತ್ತು. ಆದರೆ ಪ್ರದರ್ಶನದ ವಿಷಯವೇ ಕೊರಿಯಾದ ಕಲಾತ್ಮಕ ಛಾಯಾಗ್ರಹಣದ ‘ಆರಂಭ’ವಾದಾಗ ಅವರ ಅತಿ ದೊಡ್ಡ ಕೆಲಸ ಆ ಚೌಕಟ್ಟಿನ ಆಚೆಗೇ ಉಳಿಯುತ್ತದೆ.

ಆ ಕೆಲಸ 1999ರಿಂದ 2005ರವರೆಗಿನ ‘ಹುಚ್ಚು ಹೆಂಗಸರು’ ಸರಣಿ. ಇದರಲ್ಲಿರುವವರು ರೋಗಿಗಳೂ ಅಲ್ಲ, ವೃತ್ತಿನಿರತ ನಟಿಯರೂ ಅಲ್ಲ. ಪಾರ್ಕ್ ಅವರ ಗೆಳತಿಯರು, ಜೊತೆಗಿದ್ದ ಸ್ತ್ರೀವಾದಿ ಕಲಾವಿದೆಯರು. ದಿಂಬನ್ನು ಕೂಸಿನಂತೆ ಅಪ್ಪಿ ನಿಂತ ಒಬ್ಬಾಕೆಯನ್ನು ನೋಡಿ: ತೋಳುಗಳು ಬಿಗಿದಿವೆ, ದೃಷ್ಟಿ ಮಾತ್ರ ಎಲ್ಲೋ ಹೋಗಿದೆ. ಮನೆಯೊಳಗೆ ಅದುಮಿಟ್ಟದ್ದಕ್ಕೆ ಊರು ಹುಚ್ಚು ಎಂದು ಹೆಸರಿಟ್ಟಿತು ಅಂತ ಈ ಚಿತ್ರಗಳು ಹೇಳುತ್ತವೆ. ಗುಟ್ಟಾಗಿ ಕದ್ದು ತೆಗೆದವಲ್ಲ ಇವು, ಆ ಹೆಂಗಸರೇ ಒಪ್ಪಿ, ಅಭಿನಯಿಸಿ ಕೊಟ್ಟವು. ಬಲ ಇರುವುದೇ ಅಲ್ಲಿ.

ಹಾಗಾಗಿ ಹೊರಡುವ ಮೊದಲು ಈಗ ಏನು ತೂಗುಹಾಕಿದ್ದಾರೆ ಅಂತ ನೋಡಿಕೊಳ್ಳಿ. ಬಣ್ಣದ ಛಾಯಾಚಿತ್ರದ ವರ್ಣದ್ರವ್ಯ ಬೆಳಕಿಗೆ ಮಾಸುತ್ತದೆ. ಒಂದೇ ಚಿತ್ರವನ್ನು ವರ್ಷಗಟ್ಟಲೆ ಗೋಡೆಯ ಮೇಲೆ ಬಿಡುವಂತಿಲ್ಲ. ಛಾಯಾಚಿತ್ರಗಳ ಕೋಣೆಗಳಲ್ಲಿ ದೀಪ ಮಂದವಾಗಿರುವುದೂ ಇದೇ ಕಾರಣಕ್ಕೆ. ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಕೊಡಿ. ಚೌಕಟ್ಟಿನ ಗಾಜಿನಲ್ಲಿ ನಿಮ್ಮದೇ ಮುಖ ಕಂಡರೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಈ ಸರಣಿಯ ದೊಡ್ಡ ಮುದ್ರಣಗಳನ್ನು ಮೊಬೈಲ್‌ನಲ್ಲಿ ನೋಡಿ ತೃಪ್ತಿಪಡಬೇಡಿ, ಎದುರಿಗೆ ನಿಂತಾಗಲೇ ಆ ತೋಳುಗಳ ಬಿಗಿ ಕಾಣುವುದು.

ಪಾರ್ಕ್ ಸೋಲ್‌ನಲ್ಲಿ ಛಾಯಾಚಿತ್ರಗಳಿಗಾಗಿಯೇ ‘ಟ್ರಂಕ್ ಗ್ಯಾಲರಿ’ಯನ್ನೂ ನಡೆಸಿದವರು. ಅವರ ಚಿತ್ರಗಳನ್ನು ಪ್ರದರ್ಶಿಸುತ್ತ ಬಂದಿರುವ ಅರಾರಿಯೋ ಗ್ಯಾಲರಿಯ ಕಾರ್ಯಕ್ರಮ ಪಟ್ಟಿಯನ್ನೂ ಒಮ್ಮೆ ನೋಡಿಯೇ ಪ್ರಯಾಣದ ದಿನ ಗೊತ್ತುಮಾಡಿ.